ಕುಳಿತದ್ದು ನಾವು, ದುಡಿದದ್ದು ಹೃದಯ

ಡಿಗ್ರಿ ಮೊದಲ ವರ್ಷದ ಮಾತು. ನನಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಕಾಲೇಜಿನ ಸಭಾಂಗಣದಲ್ಲಿ ರಕ್ತದಾನ ಶಿಬಿರ ನಡೆಯುತ್ತಿತ್ತು. ಗೆಳೆಯರ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವನು ನಾನೇ. ‘ಇವನೊಬ್ಬನೇ ಎರಡು ಬಾಟಲಿ ಕೊಡ್ತಾನೆ ಬಿಡ್ರೋ’ ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ದಪ್ಪಗಿರುವವರು ಇಂಥ ಮಾತಿಗೆ ನಗುವುದನ್ನು ಬೇಗ ಕಲಿತುಬಿಡುತ್ತೇವೆ.

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ ನರ್ಸ್ ಮತ್ತೊಮ್ಮೆ ನೋಡಿದರು. ‘ಮೆಟ್ಟಿಲು ಹತ್ತಿ ಬಂದ್ಯಾ? ಸ್ವಲ್ಪ ಹೊತ್ತು ಕೂತ್ಕೋ’ ಎಂದರು. ಹದಿನೈದು ನಿಮಿಷ ಕುಳಿತೆ. ಮತ್ತೆ ನೋಡಿದಾಗಲೂ 146/92. ರಕ್ತ ಕೊಡಬೇಕಾದರೆ ಮೇಲಿನ ಅಂಕಿ 140, ಕೆಳಗಿನದು 90 ದಾಟಿರಬಾರದು. ನನ್ನ ಅರ್ಜಿಯನ್ನು ಬದಿಗಿಟ್ಟರು. ನನ್ನ ಅರ್ಧದಷ್ಟೂ ಇಲ್ಲದ ಗೆಳೆಯ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಸರ್ಟಿಫಿಕೇಟ್ ಹಿಡಿದು ಫೋಟೊ ತೆಗೆಸಿಕೊಂಡ. ಶಿಬಿರದಲ್ಲಿದ್ದ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, ‘ಸುಮ್ಮನೆ ಬಿಡಬೇಡಪ್ಪ, ಒಂದು ಎಕೋ ಮಾಡಿಸು’ ಎಂದರು.

ಮನೆಯಲ್ಲಿ ಯಾರೂ ನಂಬಲಿಲ್ಲ. ‘ಈ ವಯಸ್ಸಿಗೆ ಎಂಥ ಬಿ.ಪಿ.? ತಿಂದುಂಡು ಗುಂಡಗಿದಾನೆ ಅಂತ ಯಾರದೋ ಕಣ್ಣು ಬಿದ್ದಿದೆ’ ಎಂದು ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ‘ಬೆಳೆಯೋ ವಯಸ್ಸು, ಆಮೇಲೆ ತಾನಾಗೇ ಇಳಿಯುತ್ತೆ’ ಎಂದರು ಅಪ್ಪ. ಆದರೂ ಎಕೋ ಮಾಡಿಸಿದೆವು. ಅರೆಗತ್ತಲೆಯ ಕೋಣೆ, ಎದೆಯ ಮೇಲೆ ತಣ್ಣನೆಯ ಜೆಲ್, ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಬಡಿದುಕೊಳ್ಳುತ್ತಿದ್ದ ನನ್ನದೇ ಹೃದಯ. ವರದಿಯ ಸಾರ ಇಷ್ಟು: ಹೃದಯ ರಕ್ತವನ್ನು ಹೊರಗೆ ತಳ್ಳುವ ಶಕ್ತಿ ಸರಿಯಾಗಿದೆ, ಎಡಭಾಗದ ಕೆಳಕೋಣೆಯ ಗೋಡೆ ಸ್ವಲ್ಪ ದಪ್ಪವಾಗಿದೆ, ಆ ಕೋಣೆ ಸಡಿಲಗೊಂಡು ರಕ್ತ ತುಂಬಿಕೊಳ್ಳುವುದು ಇರಬೇಕಾದಷ್ಟು ಸಲೀಸಾಗಿಲ್ಲ.

ನನಗೆ ಖುಷಿಯೇ ಆಯಿತು. ‘ಗೋಡೆ ದಪ್ಪ ಇದ್ರೆ ಒಳ್ಳೇದಲ್ವಾ ಮೇಡಂ? ಗಟ್ಟಿ ಹೃದಯ’ ಎಂದೆ. ಹೃದಯ ತಜ್ಞೆ ನಗಲಿಲ್ಲ. ‘ಮಾರ್ಕೆಟ್ಟಿನಲ್ಲಿ ಮೂಟೆ ಹೊರೋರನ್ನ ನೋಡಿದೀಯಲ್ಲ? ಹೊತ್ತು ಹೊತ್ತು ಅವರ ತೋಳು ಗಟ್ಟಿಯಾಗುತ್ತೆ. ಆದರೆ ಅವರಿಗೆ ಸಂಜೆ ಮೂಟೆ ಇಳಿಸೋಕೆ ಆಗುತ್ತೆ. ನಿನ್ನ ಹೃದಯಕ್ಕೆ ಸಂಜೆಯೇ ಇಲ್ಲ. ಹಗಲೂ ರಾತ್ರಿ ಹೊತ್ತಿದೆ’ ಎಂದರು. ಎರಡು ವರ್ಷದಿಂದ ಆ ಮಾತು ನನ್ನ ತಲೆಯಲ್ಲಿದೆ. ಅದರ ಅರ್ಥ ತಿಳಿಯಲು ಸಾಕಷ್ಟು ಓದಿದೆ, ವೈದ್ಯರನ್ನು ಕೇಳಿದೆ. ತಿಳಿದದ್ದನ್ನು ನನ್ನ ವಯಸ್ಸಿನವರಿಗೆ ಹೇಳಬೇಕೆಂದೇ ಈ ಬರಹ.

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳುತ್ತದೆ. ಕೊಬ್ಬು ಎಂದರೆ ಮೈಮೇಲೆ ಸುಮ್ಮನೆ ಕುಳಿತಿರುವ ಬೆಣ್ಣೆಮುದ್ದೆ ಎಂದು ನಾನು ಅಂದುಕೊಂಡಿದ್ದೆ. ಅದು ಹಾಗಲ್ಲ. ಅದೂ ಜೀವಂತ ಅಂಗಾಂಶ. ಅದಕ್ಕೂ ರಕ್ತ ಬೇಕು. ಮೈ ಹೆಚ್ಚಿದಂತೆ ದೇಹದಲ್ಲಿ ಹರಿಯುವ ರಕ್ತದ ಪ್ರಮಾಣವೇ ಹೆಚ್ಚುತ್ತದೆ. ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ರಕ್ತವನ್ನು ತುಂಬಿಕೊಂಡು ಹೆಚ್ಚು ರಕ್ತವನ್ನು ತಳ್ಳಬೇಕು. ಇದರಿಂದ ಕೋಣೆ ಹಿಗ್ಗುತ್ತದೆ. ಇನ್ನೊಂದು ಕಡೆ, ಬೊಜ್ಜಿನಿಂದಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಏರಿದ ಒತ್ತಡಕ್ಕೆ ಎದುರಾಗಿ ರಕ್ತ ತಳ್ಳಿ ತಳ್ಳಿ ಹೃದಯದ ಸ್ನಾಯು ದಪ್ಪವಾಗುತ್ತದೆ.

ಓಟಗಾರರ ಹೃದಯವೂ ದೊಡ್ಡದಾಗುತ್ತದೆ ಎಂದು ಕೆಲವರು ಹೇಳುವುದು ನಿಜ. ಆದರೆ ಓಟಗಾರ ಓಡಿದ ಮೇಲೆ ನಿಲ್ಲುತ್ತಾನೆ. ಅವನ ಹೃದಯ ವಿಶ್ರಾಂತಿ ಪಡೆಯುತ್ತದೆ, ಚೆನ್ನಾಗಿ ಸಡಿಲಗೊಳ್ಳುತ್ತದೆ. ಬೊಜ್ಜು ಹೊತ್ತ ಹೃದಯದ ಗೋಡೆ ದಪ್ಪವಾಗುತ್ತಾ ಬಿಗಿಯಾಗುತ್ತದೆ. ಹೃದಯದ ಕೆಲಸವೆಂದರೆ ಹಿಂಡುವುದು ಎಂದಷ್ಟೇ ನಮಗೆ ಗೊತ್ತು. ಸಡಿಲಗೊಂಡು ತುಂಬಿಕೊಳ್ಳುವುದೂ ಅಷ್ಟೇ ಮುಖ್ಯ. ಬೊಜ್ಜಿನವರಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಈ ಎರಡನೆಯ ಕೆಲಸ. ಕೆಳಕೋಣೆ ಬಿಗಿಯಾದರೆ ಅದಕ್ಕೆ ರಕ್ತ ಕಳಿಸುವ ಮೇಲಿನ ಕೋಣೆಯ ಮೇಲೂ ಒತ್ತಡ ಬಿದ್ದು ಅದೂ ಹಿಗ್ಗುತ್ತದೆ. ಇಷ್ಟೆಲ್ಲ ಆಗುತ್ತಿರುವಾಗ ಎದೆನೋವಿಲ್ಲ, ತಲೆಸುತ್ತಿಲ್ಲ, ಏನೂ ಗೊತ್ತಾಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಅಷ್ಟೆ. ಅದನ್ನು ನಾವು ‘ದಪ್ಪ ಇದೀನಲ್ಲ, ಅದಕ್ಕೆ’ ಎಂದು ಅಲ್ಲಿಗೇ ಬಿಡುತ್ತೇವೆ.

ಹಾಸ್ಟೆಲಿನಲ್ಲಿ ನನ್ನ ಗೊರಕೆ ಪ್ರಸಿದ್ಧವಾಗಿತ್ತು. ಅದೂ ಹೃದಯಕ್ಕೆ ಸಂಬಂಧಿಸಿದ್ದು ಎಂದು ಆಮೇಲೆ ತಿಳಿಯಿತು. ಕುತ್ತಿಗೆಯ ಸುತ್ತ ಕೊಬ್ಬು ಹೆಚ್ಚಾದರೆ ಮಲಗಿದಾಗ ಉಸಿರಿನ ದಾರಿ ಕಿರಿದಾಗಿ, ನಿದ್ದೆಯಲ್ಲಿ ಆಗಾಗ ಉಸಿರು ನಿಂತು ನಿಂತು ಬರಬಹುದು. ಪ್ರತಿ ಸಲ ಉಸಿರು ಕಟ್ಟಿದಾಗಲೂ ರಕ್ತದೊತ್ತಡ ಜಿಗಿಯುತ್ತದೆ. ಮಲಗಿದಾಗಲಾದರೂ ಸಿಗಬೇಕಾದ ವಿಶ್ರಾಂತಿ ಹೃದಯಕ್ಕೆ ಸಿಗುವುದಿಲ್ಲ.

ಇದು ನನ್ನೊಬ್ಬನ ಕತೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅಮೆರಿಕದ ಮೂಲನಿವಾಸಿ ಸಮುದಾಯಗಳಲ್ಲಿ ನಡೆಯುತ್ತಿರುವ ‘ಸ್ಟ್ರಾಂಗ್ ಹಾರ್ಟ್’ ಅಧ್ಯಯನದಲ್ಲಿ 14ರಿಂದ 20 ವರ್ಷದ 460 ಮಂದಿಯ ಹೃದಯವನ್ನು ಎಕೋ ಮೂಲಕ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ತೂಕ ಸರಿಯಾಗಿದ್ದವರಲ್ಲಿ ಎಡ ಕೆಳಕೋಣೆ ಅತಿಯಾಗಿ ಬೆಳೆದವರು ಶೇ 3.5ರಷ್ಟು. ತೂಕ ಹೆಚ್ಚಿದ್ದವರಲ್ಲಿ ಶೇ 12ರಷ್ಟು. ಬೊಜ್ಜಿದ್ದವರಲ್ಲಿ ಮೂವರಿಗೆ ಒಬ್ಬರು. ಇವರಾರೂ ನಲವತ್ತು, ಐವತ್ತು ದಾಟಿದವರಲ್ಲ. ನಮ್ಮ ಪಿಯುಸಿ, ಡಿಗ್ರಿ ವಯಸ್ಸಿನವರು.

‘ಬೊಜ್ಜಿದ್ದವರಿಗೆ ಬೇರೆ ಏನೋ ಕಾರಣ ಇರಬಹುದಲ್ಲ?’ ಎಂಬ ಪ್ರಶ್ನೆ ನನಗೂ ಬಂದಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದಲೂ ಗಮನಿಸುತ್ತಾ ಬಂದ ಅಧ್ಯಯನವೊಂದಿದೆ. ಅವರಿಗೆ 17 ಮತ್ತು 21 ವರ್ಷವಾದಾಗಿನ ಮಾಹಿತಿಯನ್ನು, ತೂಕಕ್ಕೆ ಸಂಬಂಧಿಸಿದ ವಂಶವಾಹಿಗಳ ಜತೆ ಹೋಲಿಸಿ 2018ರಲ್ಲಿ ವಿಜ್ಞಾನಿಗಳು ಹೇಳಿದ್ದು: ಹೆಚ್ಚಿನ ತೂಕವೇ ರಕ್ತದೊತ್ತಡವನ್ನು ಏರಿಸುತ್ತದೆ, ಹೃದಯದ ಎಡ ಕೆಳಕೋಣೆಯನ್ನು ದಪ್ಪವಾಗಿಸುತ್ತದೆ. ಅಂದರೆ ಬೊಜ್ಜು ಬರೀ ಪಕ್ಕದಲ್ಲಿ ನಿಂತ ಸಾಕ್ಷಿಯಲ್ಲ, ಅದೇ ಕಾರಣ. ರಕ್ತನಾಳಗಳ ಕತೆಯೂ ಬೇರೆಯಲ್ಲ. ಅಮೆರಿಕದ ಬೊಗಲೂಸ ಎಂಬ ಊರಿನಲ್ಲಿ 1973ರಲ್ಲಿ ಶುರುವಾದ ಅಧ್ಯಯನದಲ್ಲಿ, ಅಪಘಾತ ಮುಂತಾದ ಕಾರಣಗಳಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡವರ ಮರಣೋತ್ತರ ಪರೀಕ್ಷೆ ನಡೆಸಿದಾಗ, ಬೊಜ್ಜು, ಬಿ.ಪಿ., ಕೊಲೆಸ್ಟ್ರಾಲ್‌ನಂಥ ಅಪಾಯಗಳು ಹೆಚ್ಚಿದಷ್ಟೂ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿದ್ದು ಹೆಚ್ಚಾಗಿ ಕಂಡಿತ್ತು.

ನಮ್ಮ ದೇಶದ ಲೆಕ್ಕವೂ ಸಮಾಧಾನ ತರುವಂಥದ್ದಲ್ಲ. 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು ಸುಮಾರು 4 ಲಕ್ಷ ಇದ್ದರು. 2022ರಲ್ಲಿ ಅದು ಸುಮಾರು 1 ಕೋಟಿ 25 ಲಕ್ಷ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಇದೇ ದೇಶದಲ್ಲಿ ಸರಿಯಾದ ಊಟವಿಲ್ಲದೆ ಸೊರಗಿದ ಹದಿಹರೆಯದವರೂ ಕೋಟಿಗಟ್ಟಲೆ ಇದ್ದಾರೆ ಎಂಬುದನ್ನು ಮರೆಯಬಾರದು. ಜತೆಗೆ ಇನ್ನೊಂದು ಮಾತು. ಯುರೋಪಿನವರಿಗೆ ಹೋಲಿಸಿದರೆ ಅಷ್ಟೇ ತೂಕದ ಭಾರತೀಯರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯ ಸುತ್ತ. ಹಾಗಾಗಿಯೇ ನಮ್ಮ ಮಕ್ಕಳ ವೈದ್ಯರು ಬೊಜ್ಜಿನ ಗೆರೆಯನ್ನು ಇನ್ನೂ ಕೆಳಗೆ ಎಳೆದಿದ್ದಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಹುಡುಗನೂ ಸುರಕ್ಷಿತ ಅಂದುಕೊಳ್ಳುವಂತಿಲ್ಲ. ಸೊಂಟದ ಸುತ್ತಳತೆ ನಮ್ಮ ಎತ್ತರದ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದು ಮನೆಯಲ್ಲೇ ಟೇಪು ಹಿಡಿದು ನೋಡಬಹುದಾದ ಸುಲಭ ಲೆಕ್ಕ.

ಇಷ್ಟಕ್ಕೂ ನಾನು ದಪ್ಪಗಾದದ್ದು ಹೇಗೆ? ಹತ್ತನೇ ತರಗತಿ ಮುಗಿದಾಗ ನನ್ನ ತೂಕ 74 ಕೆ.ಜಿ. ಆಗಲೇ ಸ್ವಲ್ಪ ಹೆಚ್ಚೇ. ಆದರೆ ಸಂಜೆ ದಾವಣಗೆರೆಯ ನಮ್ಮ ಬೀದಿಯಲ್ಲಿ ಕತ್ತಲಾಗುವವರೆಗೆ ಕ್ರಿಕೆಟ್ ಇರುತ್ತಿತ್ತು. ಆಮೇಲೆ ಒಳ್ಳೆಯ ಫಲಿತಾಂಶಕ್ಕೆ ಹೆಸರಾದ ಒಂದು ವಸತಿ ಪಿಯು ಕಾಲೇಜಿಗೆ ಸೇರಿದೆ. ಬೆಳಿಗ್ಗೆ ಐದೂವರೆಗೆ ಸ್ಟಡಿ ಶುರು, ರಾತ್ರಿ ಹತ್ತೂವರೆಗೆ ಮುಕ್ತಾಯ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಆಟದ ಪೀರಿಯಡ್ ಇತ್ತು. ಆ ಹೊತ್ತಿಗೆ ಸರಿಯಾಗಿ ಫಿಸಿಕ್ಸ್ ಲೆಕ್ಚರರ್ ಬರುತ್ತಿದ್ದರು. ಆಟದ ಮೈದಾನವಿತ್ತು, ಅದರಲ್ಲಿ ಕಾಲೇಜಿನ ಬಸ್‌ಗಳು ನಿಲ್ಲುತ್ತಿದ್ದವು. ನಮಗಿದ್ದ ಒಂದೇ ಮನರಂಜನೆ ಕ್ಯಾಂಟೀನು. ಟೆಸ್ಟ್ ಚೆನ್ನಾಗಿ ಆದರೆ ಪಫ್ಸ್ ಮತ್ತು ಕೂಲ್‌ಡ್ರಿಂಕ್ಸ್, ಕೆಟ್ಟರೆ ದುಃಖಕ್ಕೆ ಇನ್ನೊಂದು ಪಫ್ಸ್. ‘ಎರಡು ವರ್ಷ ಕೂತು ಓದ್ರಪ್ಪ, ಜೀವನಪೂರ್ತಿ ಆರಾಮಾಗಿರ್ತೀರಿ’ ಎಂದು ಎಲ್ಲರೂ ಹೇಳುತ್ತಿದ್ದರು. ಕುಳಿತೆವು. ಎರಡನೇ ಪಿಯುಸಿ ಮುಗಿಸಿ ಹೊರಬಂದಾಗ ನನ್ನ ತೂಕ 93 ಕೆ.ಜಿ.

ಆಗ ನನ್ನ ಹೃದಯ ಏನು ಮಾಡುತ್ತಿತ್ತೆಂದು ಯಾರೂ ಕೇಳಲಿಲ್ಲ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲವಲ್ಲ. ಹದಿಹರೆಯದವರು ದಿನಕ್ಕೆ ಕನಿಷ್ಠ ಒಂದು ಗಂಟೆ ಮೈ ಬೆವರುವಂತೆ ಓಡಾಡಬೇಕು, ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಮಾಹಿತಿಯಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಇಷ್ಟನ್ನೂ ಮಾಡುತ್ತಿಲ್ಲ. ಅವರೆಲ್ಲ ಸೋಮಾರಿಗಳೆಂದು ಬೈಯುವುದು ಸುಲಭ. ಆಟದ ಪೀರಿಯಡ್ಡನ್ನು ಪಾಠಕ್ಕೆ ಕೊಟ್ಟವರು, ಮೈದಾನವನ್ನು ಪಾರ್ಕಿಂಗ್ ಮಾಡಿದವರು ಮಕ್ಕಳಲ್ಲ ಎಂಬುದನ್ನೂ ಹೇಳಬೇಕಲ್ಲ?

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದವು. ಸತ್ತವರಲ್ಲಿ ಎಳೆಯರೂ ಇದ್ದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಂತರು. ಆ ಸಾವುಗಳಿಗೆ ಬೊಜ್ಜೇ ಕಾರಣ ಎಂದು ನಾನು ಹೇಳುತ್ತಿಲ್ಲ. ಎಳೆಯರ ಹಠಾತ್ ಸಾವಿಗೆ ಹುಟ್ಟಿನಿಂದ ಬಂದ ದೋಷ, ತಂಬಾಕು ಮುಂತಾದ ಹಲವು ಕಾರಣಗಳಿರುತ್ತವೆ. ನನ್ನ ಮಾತು ಬೇರೆ. ಹಠಾತ್ ಸಾವಿನ ಸುದ್ದಿ ಬಂದಾಗ ನಾವು ಬೆಚ್ಚಿ ಆಸ್ಪತ್ರೆಗೆ ಓಡುತ್ತೇವೆ, ಹದಿನೈದು ದಿನಕ್ಕೆ ಮರೆಯುತ್ತೇವೆ. ಹಠಾತ್ತಾಗಿ ಅಲ್ಲದೆ ವರ್ಷಗಟ್ಟಲೆ ಸದ್ದಿಲ್ಲದೆ ಬದಲಾಗುವ ಹೃದಯಗಳು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಅವು ನಮ್ಮ ತರಗತಿಗಳ ಬೆಂಚಿನ ಮೇಲೆ ಕುಳಿತಿರುತ್ತವೆ.

ಹೆದರಿಸಿ ಬಿಡುವುದಷ್ಟೇ ನನ್ನ ಉದ್ದೇಶವಲ್ಲ. ಈ ವಯಸ್ಸಿನ ಹೃದಯದ ದೊಡ್ಡ ಗುಣವೆಂದರೆ ಅದು ಹಿಂದಿರುಗಿ ಬರಬಲ್ಲದು. ಅತಿಯಾದ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹದಿಹರೆಯದವರನ್ನು ಅಮೆರಿಕದ ವೈದ್ಯರು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಮೊದಲು ಅವರಲ್ಲಿ ಶೇ 28ರಷ್ಟು ಮಂದಿಯ ಹೃದಯದ ಗೋಡೆ ಅತಿಯಾಗಿ ದಪ್ಪವಾಗಿತ್ತು. ತೂಕ ಇಳಿದ ಮೇಲೆ ಅದು ಶೇ 3ಕ್ಕೆ ಇಳಿದಿತ್ತು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕು ಎಂದಲ್ಲ. ಭಾರ ಇಳಿದರೆ ಹೃದಯ ಮತ್ತೆ ತನ್ನ ಆಕಾರಕ್ಕೆ ಬರಬಲ್ಲದು ಎನ್ನುವುದಕ್ಕೆ ಇದು ಸಾಕ್ಷಿ. ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಾಲ್ಯದಿಂದ ದೊಡ್ಡವರಾಗುವವರೆಗೆ ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ದೊಡ್ಡ ಭರವಸೆ ಕೊಡುತ್ತದೆ: ಚಿಕ್ಕಂದಿನಲ್ಲಿ ತೂಕ ಹೆಚ್ಚಿದ್ದು ದೊಡ್ಡವರಾಗುವ ಹೊತ್ತಿಗೆ ಬೊಜ್ಜು ಕಳೆದುಕೊಂಡವರಿಗೆ ಮಧುಮೇಹ, ರಕ್ತದೊತ್ತಡಗಳ ಅಪಾಯ, ಎಂದೂ ಬೊಜ್ಜಿಲ್ಲದವರಷ್ಟೇ ಇತ್ತು. ಆದರೆ ‘ತಾನಾಗೇ ಇಳಿಯುತ್ತೆ’ ಎಂಬ ಅಪ್ಪನ ಮಾತು ಮಾತ್ರ ಸುಳ್ಳು. ಹದಿಹರೆಯದ ಬೊಜ್ಜು ಹೆಚ್ಚಿನವರಲ್ಲಿ ತಾನಾಗಿ ಇಳಿಯುವುದಿಲ್ಲ.

ನನಗೆ ವೈದ್ಯೆ ಮಾತ್ರೆ ಕೊಡಲಿಲ್ಲ. ‘ಆರು ತಿಂಗಳು ಟೈಮ್ ಕೊಡ್ತೀನಿ, ನೋಡೋಣ’ ಎಂದರು. ಮೊದಲ ವಾರ ಅರ್ಧ ಕಿಲೋಮೀಟರ್ ನಡೆದರೆ ಸಾಕಾಗುತ್ತಿತ್ತು. ಅಪ್ಪನ ಹಳೆಯ ಸೈಕಲ್ಲು ರಿಪೇರಿ ಮಾಡಿಸಿ ಕಾಲೇಜಿಗೆ ಅದರಲ್ಲೇ ಹೋದೆ. ಕೂಲ್‌ಡ್ರಿಂಕ್ಸ್ ಬಿಟ್ಟೆ. ಬೆಣ್ಣೆದೋಸೆ ಬಿಡಲಿಲ್ಲ, ದಾವಣಗೆರೆಯವನಾಗಿ ಅದು ಆಗದ ಮಾತು. ವಾರಕ್ಕೆ ಮೂರಿದ್ದದ್ದು ತಿಂಗಳಿಗೆ ಒಂದಾಯಿತು. ಅಮ್ಮ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್‌ನ ಡಬ್ಬಿಗಳನ್ನು ಊಟದ ಜಾಗದಿಂದ ಎತ್ತಿಟ್ಟಳು. ರಾತ್ರಿ ಮೊಬೈಲು ಬದಿಗಿಟ್ಟು ಹನ್ನೊಂದಕ್ಕೆ ಮಲಗಲು ಕಲಿತದ್ದು ಎಲ್ಲಕ್ಕಿಂತ ಕಷ್ಟ. ನಡುವೆ ಎರಡು ಸಲ ಎಲ್ಲ ಬಿಟ್ಟು ಮತ್ತೆ ನಾಲ್ಕು ಕೆ.ಜಿ. ಏರಿದ್ದೂ ಇದೆ. ಒಂದೂವರೆ ವರ್ಷದಲ್ಲಿ 93 ಇದ್ದದ್ದು 80ಕ್ಕೆ ಬಂತು. ಈಗಲೂ ನಾನು ತೆಳ್ಳಗಿಲ್ಲ. ಆದರೆ ಎರಡನೇ ಎಕೋದಲ್ಲಿ ಗೋಡೆಯ ದಪ್ಪ ಸಹಜ ಮಿತಿಯೊಳಗೆ ಬಂದಿತ್ತು.

ಇದರಲ್ಲಿ ನನಗೆ ನೆರವಾಗದ ಒಂದೇ ಸಂಗತಿ ಅವಮಾನ. ಡುಮ್ಮ, ಗುಂಡ, ಟ್ಯಾಂಕರ್ ಎಂದು ಕರೆಸಿಕೊಂಡ ಪ್ರತಿ ಸಲವೂ ನಾನು ಹೋದದ್ದು ಕ್ಯಾಂಟೀನಿಗೇ ಹೊರತು ಮೈದಾನಕ್ಕಲ್ಲ. ಆಡಲು ಹೋದರೆ ನಗುತ್ತಾರೆಂದು ಆಟ ಬಿಟ್ಟ ಹುಡುಗಿಯರು ನನಗೆ ಗೊತ್ತು. ಗೆಳೆಯನ ಆರೋಗ್ಯದ ಬಗ್ಗೆ ನಿಜಕ್ಕೂ ಕಾಳಜಿಯಿದ್ದರೆ ಹೆಸರಿಡಬೇಡಿ. ‘ಬಾರೋ, ಒಂದು ರೌಂಡ್ ಹೋಗಿ ಬರೋಣ’ ಎಂದು ಜತೆಗೆ ಕರೆಯಿರಿ.

ಉಳಿದದ್ದು ದೊಡ್ಡವರ ಕೈಯಲ್ಲಿದೆ. ಶಾಲೆಯೊಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರಬಾರದು ಎಂಬ ಆಹಾರ ಸುರಕ್ಷತಾ ನಿಯಮ 2020ರಲ್ಲೇ ಬಂದಿದೆ. ತಮ್ಮ ಶಾಲೆಯ ಗೇಟಿನ ಮುಂದೆ ನಿಂತು ಯಾರು ಬೇಕಾದರೂ ಅದರ ಗತಿ ನೋಡಬಹುದು. ಸಿಬಿಎಸ್‌ಇ 2025ರಲ್ಲಿ, ಯಾವ ಪಾನೀಯ, ತಿನಿಸಿನಲ್ಲಿ ಎಷ್ಟು ಸಕ್ಕರೆಯಿದೆ ಎಂದು ತೋರಿಸುವ ಫಲಕ ಹಾಕಲು ತನ್ನ ಶಾಲೆಗಳಿಗೆ ಹೇಳಿತು. ಒಳ್ಳೆಯದು, ಆದರೆ ಫಲಕ ಓದಿದ ಮಗುವಿಗೆ ಓಡಲು ಜಾಗವೂ ಬೇಕು. ಪಿಯು ಕಾಲೇಜುಗಳಲ್ಲಿ ಆಟದ ಪೀರಿಯಡ್ಡನ್ನು ಪಾಠಕ್ಕೆ ಬಳಸುವುದು ನಿಲ್ಲಬೇಕು. ವರ್ಷಕ್ಕೊಮ್ಮೆ ಪ್ರತಿ ವಿದ್ಯಾರ್ಥಿಯ ತೂಕ, ಎತ್ತರ, ಸೊಂಟ, ಬಿ.ಪಿ. ನೋಡಬೇಕು, ಎಲ್ಲರ ಮುಂದೆ ಕೂಗಿ ಹೇಳದೆ, ಮನೆಯವರಿಗೆ ಗುಟ್ಟಾಗಿ ತಿಳಿಸಬೇಕು. ಎಲ್ಲರಿಗೂ ಎಕೋ ಬೇಕಿಲ್ಲ. ಬಿ.ಪಿ. ಯಂತ್ರ ಮತ್ತು ಒಂದು ಅಳತೆ ಟೇಪು, ಇಷ್ಟು ಸಾಕು ಶುರು ಮಾಡಲು. ನನ್ನ ಬಿ.ಪಿ.ಯನ್ನು ಮೊದಲ ಬಾರಿಗೆ ಯಾರಾದರೂ ನೋಡಿದ್ದು ಹದಿನೆಂಟನೇ ವಯಸ್ಸಿನಲ್ಲಿ, ಅದೂ ನಾನು ರಕ್ತ ಕೊಡಲು ಹೋದದ್ದಕ್ಕೆ!

ಕಳೆದ ತಿಂಗಳು ತಂಗಿಯನ್ನು ಮೊದಲ ಪಿಯುಸಿಗೆ ಸೇರಿಸಲು ಅಪ್ಪನ ಜತೆ ಹೋಗಿದ್ದೆ. ಶುಲ್ಕ, ಫಲಿತಾಂಶ, ಹಾಸ್ಟೆಲ್ ಎಲ್ಲ ವಿಚಾರಿಸಿ ಆದ ಮೇಲೆ ಅಪ್ಪ ಕೇಳಿದರು: ‘ಮಕ್ಕಳು ಆಡೋಕೆ ಗ್ರೌಂಡ್ ಎಲ್ಲಿದೆ ಸಾರ್?’ ಮೇಜಿನ ಆಚೆಯವರು ನಕ್ಕರು. ‘ಎರಡೇ ವರ್ಷ ಅಲ್ವಾ ಸಾರ್, ಆಮೇಲೆ ಆಡ್ತಾರೆ ಬಿಡಿ.’

ಅಪ್ಪ ಅರ್ಜಿ ಫಾರ್ಮನ್ನು ವಾಪಸು ಮೇಜಿನ ಮೇಲಿಟ್ಟು ಎದ್ದರು. ನಾವು ಇನ್ನೊಂದು ಕಾಲೇಜು ಹುಡುಕಿದೆವು. ಅಲ್ಲಿ ಒಂದು ವಾಲಿಬಾಲ್ ಅಂಕಣವಿದೆ, ನೆಟ್ಟು ಹರಿದಿದೆ, ಆದರೂ ಸಂಜೆ ಮಕ್ಕಳು ಆಡುತ್ತಾರೆ. ಮಕ್ಕಳನ್ನು ಸೇರಿಸಲು ಹೊರಟ ಎಲ್ಲ ಅಪ್ಪ ಅಮ್ಮಂದಿರೂ ಆ ಒಂದು ಪ್ರಶ್ನೆ ಕೇಳಿದರೆ, ಮೈದಾನಗಳಿಂದ ಬಸ್‌ಗಳು ಆಚೆ ಹೋಗಲು ಬಹಳ ದಿನ ಬೇಕಾಗಲಾರದು.